ಹೊರಗೆ ಮಳೆಗಾಲ, ಕಂಡೆನ್ಸರ್ ಒಳಗೆ ಬರಗಾಲ: ಹಳೇ ಸ್ಪೀಕರ್‌ನ ಕ್ರಾಸ್‌ಓವರ್ ಕೆಪಾಸಿಟರ್ ಬದಲಿಸುವುದು ಹೇಗೆ

ಹಳೇ ಸ್ಪೀಕರ್‌ನ ಸದ್ದು ಮಂಕಾದರೆ ಮೊದಲು ಬೈಸಿಕೊಳ್ಳುವುದು ಕ್ಯಾಸೆಟ್. ಆಮೇಲೆ ಆಂಪ್ಲಿಫಯರ್. ಅದೂ ಸರಿಯಿದೆ ಅಂತಾದರೆ ನಮ್ಮ ಕಿವಿಗೇ ವಯಸ್ಸಾಯಿತು ಅಂದುಕೊಂಡು ಸುಮ್ಮನಾಗುತ್ತೇವೆ. ಚಿಕ್ಕಮಗಳೂರಿನಿಂದ ಆಲ್ದೂರು ಕಡೆ ಹೋಗುವಾಗ ಸಿಗುವ ತೋಟದ ಮನೆಯಲ್ಲಿ ನನ್ನ ಸೋದರಮಾವ ಹಾಗೇ ಎಷ್ಟೋ ವರ್ಷ ಸುಮ್ಮನಿದ್ದರು. ಅವರ ಸ್ಪೀಕರ್ ಜೋಡಿ ಎಂಬತ್ತರ ದಶಕದ್ದು. ಎಂಟಿಂಚಿನ ವೂಫರ್, ಮೇಲೊಂದು ಟ್ವೀಟರ್. ಕಂಪನಿ ಹೆಸರಿನ ಬಿಲ್ಲೆ ಯಾವಾಗಲೋ ಉದುರಿಹೋಗಿದೆ. ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಭಾಗವತರ ದನಿ ಚೆನ್ನಾಗಿಯೇ ಬರುತ್ತಿತ್ತು, ಮದ್ದಳೆಯೂ ಬರುತ್ತಿತ್ತು. ತಾಳ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಹಾಕುತ್ತಿದ್ದಾರೆ ಅನ್ನುವ ಹಾಗೆ ಕೇಳುತ್ತಿತ್ತು.

"ಕ್ಯಾಸೆಟ್ ಬೂಸ್ಟು ಹಿಡಿದಿದೆ ಮಾರಾಯ" ಅಂದರು ಮಾವ. ಬೂಸ್ಟು ಹಿಡಿದದ್ದು ನಿಜವೇ. ಆದರೆ ಫೋನಿನಿಂದ ಹಾಡು ಹಾಕಿದಾಗಲೂ ಅದೇ ಕಥೆ. ಬಲಗಡೆಗಿಂತ ಎಡಗಡೆಯದ್ದು ಇನ್ನೂ ಮಂಕು. ಡಬ್ಬಿ ಬಿಚ್ಚಿ ಅಳೆದಾಗ ಕಳ್ಳ ಸಿಕ್ಕಿದ. ಹೆಬ್ಬೆರಳಿನಷ್ಟು ದಪ್ಪದ ಒಂದು ಕೆಪಾಸಿಟರ್.

ಈ ಕೆಲಸವನ್ನು ಮನೆಯಲ್ಲೇ ಮಾಡುವುದು ಹೇಗೆ ಅಂತ ಮೊದಲಿನಿಂದ ಹೇಳುತ್ತೇನೆ. ಸೋಲ್ಡರಿಂಗ್ ಐರನ್ ಹಿಡಿದು ಅಭ್ಯಾಸ ಇದ್ದರೆ ಒಂದು ಭಾನುವಾರ ಸಾಕು. ಸ್ಪೀಕರನ್ನು ಅಪ್‌ಗ್ರೇಡ್ ಮಾಡುವ ಆಸೆ ನಿಮಗಿದ್ದರೆ ಸ್ವಲ್ಪ ನಿರಾಸೆಯಾದೀತು. ನಾನು ಹೇಳುತ್ತಿರುವುದು, ಅಂಗಡಿಯಿಂದ ಮನೆಗೆ ಬಂದ ದಿನ ಅದು ಹೇಗೆ ಹಾಡುತ್ತಿತ್ತೋ ಅಲ್ಲಿಗೆ ವಾಪಸ್ ತರುವ ಬಗ್ಗೆ. ಎರಡೂ ಬೇರೆ ಬೇರೆ ಕೆಲಸ.

ಒಳಗೆ ಏನಾಗಿರುತ್ತದೆ

ಕ್ರಾಸ್‌ಓವರ್ ಅಂದರೆ ಸದ್ದನ್ನು ಹಂಚುವ ಪುಟ್ಟ ಬೋರ್ಡು. ದಪ್ಪ ಸದ್ದು ವೂಫರ್‌ಗೆ, ಸಣ್ಣ ಸದ್ದು ಟ್ವೀಟರ್‌ಗೆ. ವೂಫರ್ ದಾರಿಯಲ್ಲಿ ತಾಮ್ರದ ಕಾಯಿಲ್ ಕೂತಿರುತ್ತದೆ, ಟ್ವೀಟರ್ ದಾರಿಯಲ್ಲಿ ಕೆಪಾಸಿಟರ್. ನಮ್ಮ ಕಡೆಯ ಹಳೇ ರೇಡಿಯೋ ರಿಪೇರಿಯವರು ಇದನ್ನು ಇವತ್ತಿಗೂ ಕಂಡೆನ್ಸರ್ ಅಂತಲೇ ಕರೆಯುತ್ತಾರೆ. ಕೆಪಾಸಿಟರ್ ದಪ್ಪ ಸದ್ದನ್ನು ತಡೆದು ಸಣ್ಣ ಸದ್ದನ್ನು ಬಿಡುತ್ತದೆ. ಎಲ್ಲಿಂದ ಬಿಡಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ: 1,59,000ವನ್ನು ಓಮ್ (ಟ್ವೀಟರ್‌ನ ತಡೆ) ಮತ್ತು ಮೈಕ್ರೋಫ್ಯಾರಡ್ (ಕೆಪಾಸಿಟರ್‌ನ ಅಳತೆ) ಇವುಗಳ ಗುಣಲಬ್ಧದಿಂದ ಭಾಗಿಸಿ. 8 ಓಮ್ ಟ್ವೀಟರ್, 4.7 ಮೈಕ್ರೋಫ್ಯಾರಡ್ ಅಂದರೆ ಸುಮಾರು 4,230 ಹರ್ಟ್ಸ್. ಅದೇ ಕೆಪಾಸಿಟರ್ ಸೊರಗಿ 3.1ಕ್ಕೆ ಇಳಿದರೆ 6,400 ಹರ್ಟ್ಸ್ ಆಯಿತು. ಒಂದೇ ಕೆಪಾಸಿಟರ್ ಇರುವ ಸರಳ ಕ್ರಾಸ್‌ಓವರ್‌ಗೆ ಈ ಲೆಕ್ಕ ಸರಿ. ಕಾಯಿಲ್ ಕೂಡ ಸೇರಿದ್ದರೆ ಲೆಕ್ಕ ಬೇರೆ, ಆದರೆ ಕೆಪಾಸಿಟರ್ ಕೆಟ್ಟಾಗ ಆಗುವ ನಷ್ಟ ಅದೇ ದಿಕ್ಕಿನದು.

ಹಳೇ ಸ್ಪೀಕರ್‌ಗಳಲ್ಲಿ ಜಾಸ್ತಿ ಕಾಣುವುದು ನಾನ್‌ಪೋಲಾರ್ ಎಲೆಕ್ಟ್ರೋಲೈಟಿಕ್. ಪ್ಲಸ್ ಮೈನಸ್ ಭೇದ ಇಲ್ಲದ್ದು, ಬೈಪೋಲಾರ್ ಅಂತಲೂ ಹೇಳುತ್ತಾರೆ. ಆಕ್ಸೈಡ್ ಪದರ ಕೊಟ್ಟ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದ, ಇದನ್ನು ಸುತ್ತಿ ಡಬ್ಬಿಗೆ ತುಂಬಿ ರಬ್ಬರ್ ಮುಚ್ಚಳ ಹಾಕಿರುತ್ತಾರೆ. ಹತ್ತಾರು ವರ್ಷದಲ್ಲಿ ಆ ದ್ರಾವಣ ರಬ್ಬರಿನ ಸಂದಿಯಿಂದ ಆವಿಯಾಗಿ ಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿಗೆಯೂ ಒದ್ದೆ, ಉಪ್ಪಿನ ಡಬ್ಬಿಯೂ ಒದ್ದೆ. ಆದರೆ ಆ ಡಬ್ಬಿಯೊಳಗೆ ಬರಗಾಲ. ಹೊರಗಿನ ತೇವ ಅದಕ್ಕೆ ಉಪಯೋಗಕ್ಕೆ ಬರುವುದಿಲ್ಲ, ಕಾಲಿನ ತಂತಿಗೆ ಕಿಲುಬು ಹಿಡಿಸುವುದಕ್ಕೆ ಮಾತ್ರ ಬರುತ್ತದೆ.

ಒಣಗಿದಾಗ ಎರಡು ತೊಂದರೆ. ಒಂದು, ಮೈಕ್ರೋಫ್ಯಾರಡ್ ಬದಲಾಗುತ್ತದೆ. ಕಡಿಮೆಯಾಗಬಹುದು, ಕೆಲವೊಮ್ಮೆ ಜಾಸ್ತಿಯೂ ಆಗಬಹುದು. ಎರಡು, ಇಎಸ್‌ಆರ್ ಏರುತ್ತದೆ. ಇಎಸ್‌ಆರ್ ಅಂದರೆ ಕೆಪಾಸಿಟರ್ ಹೊಟ್ಟೆಯಲ್ಲೇ ಒಂದು ರೆಸಿಸ್ಟರ್ ಬೆಳೆದ ಹಾಗೆ. ಈ ಎರಡನೆಯದನ್ನು ಬಹಳ ಜನ ಮರೆತುಬಿಡುತ್ತಾರೆ. ಮಾವನ ಎಡಗಡೆ ಸ್ಪೀಕರ್‌ನ 4.7ರ ಕೆಪಾಸಿಟರ್ ನನ್ನ ಮೀಟರಿನಲ್ಲಿ 4.1 ತೋರಿಸಿತು. ಅಷ್ಟೇನೂ ಕೆಟ್ಟಿಲ್ಲವಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಇಎಸ್‌ಆರ್ 3.8 ಓಮ್ ಇತ್ತು. 8 ಓಮ್ ಟ್ವೀಟರ್ ಮುಂದೆ 3.8 ಓಮ್ ಕೂತರೆ ಸದ್ದು ಸುಮಾರು 3 ಡೆಸಿಬಲ್ ಕಡಿಮೆಯಾಗುತ್ತದೆ. ತಾಳ ಪಕ್ಕದ ಮನೆಗೆ ಹೋದದ್ದು ಹೀಗೆ.

ಫಿಲ್ಮ್ ಕೆಪಾಸಿಟರ್‌ಗಳಿಗೆ ಈ ರೋಗ ಇಲ್ಲ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆ ಸುತ್ತಿದ ಇವುಗಳಲ್ಲಿ ಒಣಗಲು ದ್ರಾವಣವೇ ಇಲ್ಲ. ನಿಮ್ಮ ಸ್ಪೀಕರ್‌ನಲ್ಲಿ ಮೊದಲೇ ಫಿಲ್ಮ್ ಇದ್ದು, ಅಳತೆ ಸರಿ ಬಂದರೆ ಅದನ್ನು ಮುಟ್ಟಬೇಡಿ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಕಿತ್ತು ಬಿಸಾಡುವುದು ನನಗೆ ಸರಿ ಕಾಣುವುದಿಲ್ಲ.

ಬಿಚ್ಚುವ ಮೊದಲು

ತಪ್ಪು ಕೆಪಾಸಿಟರಿನದೇ ಅಂತ ಖಾತ್ರಿ ಮಾಡಿಕೊಳ್ಳಿ. ಆಂಪ್ಲಿಫಯರ್ ಆಫ್ ಮಾಡಿ, ಎಡ ಬಲ ಸ್ಪೀಕರ್ ವೈರ್ ಅದಲುಬದಲು ಮಾಡಿ. ಮಂಕುತನ ಅದೇ ಸ್ಪೀಕರ್‌ನಲ್ಲೇ ಉಳಿದರೆ ತಪ್ಪು ಡಬ್ಬಿಯೊಳಗಿದೆ. ಮಂಕುತನ ಇನ್ನೊಂದು ಸ್ಪೀಕರ್‌ಗೆ ಹೋದರೆ ಆಂಪ್ಲಿಫಯರ್ ಕಡೆ ನೋಡಿ.

ಮುಂಭಾಗದಲ್ಲಿ ಟ್ರೆಬಲ್ ಅಥವಾ ಮಿಡ್ ಹೊಂದಿಸುವ ತಿರುಗಣೆ ಇದ್ದರೆ ಅದನ್ನು ಆ ಕೊನೆಯಿಂದ ಈ ಕೊನೆಗೆ ಇಪ್ಪತ್ತು ಸಲ ತಿರುಗಿಸಿ. ಕಿಲುಬು ಹಿಡಿದ ತಿರುಗಣೆಯೇ ಟ್ವೀಟರ್ ಬಾಯಿ ಮುಚ್ಚಿಸಿದ್ದನ್ನು ನೋಡಿದ್ದೇನೆ. ಕರಕರ ಅಂದು ಸದ್ದು ವಾಪಸ್ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಮುಗಿಯಿತು, ಮುಂದಿನದನ್ನು ಓದಬೇಕಾಗಿಲ್ಲ.

ವೂಫರ್ ಸುತ್ತಲಿನ ಅಂಚನ್ನೂ ನೋಡಿ. ಫೋಮ್ ಅಂಚಾದರೆ ಬೆರಳು ತಾಗಿದರೆ ಪುಡಿಯಾಗಬಹುದು. ಹಾಗಾಗಿದ್ದರೆ ಮೊದಲು ಅದರ ರಿಪೇರಿ.

ಸಾಮಾನು ಹೆಚ್ಚೇನೂ ಬೇಡ. 40ರಿಂದ 60 ವಾಟ್‌ನ ಸೋಲ್ಡರಿಂಗ್ ಐರನ್ ಬೇಕು. ದಪ್ಪ ಕಾಯಿಲ್ ತಂತಿ ಸೇರಿರುವ ಜಾಗದಲ್ಲಿ 25 ವಾಟಿನದು ತಿಣುಕುತ್ತದೆ. 60/40 ಸೋಲ್ಡರ್ ಲೀಡ್, ಡಿಸೋಲ್ಡರಿಂಗ್ ಪಂಪ್, ಕಟರ್, ಬ್ಲೇಡು, ಕೇಬಲ್ ಟೈ, ಕೆಪಾಸಿಟರ್ ಅಳೆಯುವ ಮಲ್ಟಿಮೀಟರ್. ಮಲ್ಟಿಮೀಟರ್ ಇಎಸ್‌ಆರ್ ತೋರಿಸುವುದಿಲ್ಲ. ಅದಕ್ಕೆ ಎಲ್‌ಸಿಆರ್-ಟಿ4 ಅಂತ ಸಿಗುವ ಚಿಕ್ಕ ಕಾಂಪೊನೆಂಟ್ ಟೆಸ್ಟರ್ ಸಾಕು. ಕೆಪಾಸಿಟರ್ ಸಿಕ್ಕಿಸಿದರೆ ಎರಡೂ ಅಂಕಿ ಒಟ್ಟಿಗೆ ತೋರಿಸುತ್ತದೆ. ಪ್ರಯೋಗಾಲಯದ ನಿಖರತೆ ಅದಕ್ಕಿಲ್ಲ, ನಮಗೆ ಬೇಕಾಗಿಯೂ ಇಲ್ಲ.

ಬಿಚ್ಚುವುದು

ಸ್ಪೀಕರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಕೆಳಗೊಂದು ಹಳೇ ಕಂಬಳಿ ಹಾಕಿ. ಜಾಲರಿ ತೆಗೆದು ವೂಫರ್‌ನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಸ್ಕ್ರೂ ಬಂದರೂ ವೂಫರ್ ಬರುವುದಿಲ್ಲ, ಗ್ಯಾಸ್ಕೆಟ್ ಅಂಟಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಮರವೂ ಹಾಳು, ಸ್ಕ್ರೂಡ್ರೈವರ್ ಜಾರಿದರೆ ಕೋನ್ ಕೂಡ ತೂತು. ತೆಳುವಾದ ಪ್ಲಾಸ್ಟಿಕ್ ಪಟ್ಟಿ, ಬೇಡದ ಎಟಿಎಂ ಕಾರ್ಡು ತೂರಿಸಿ ಸುತ್ತ ಬಿಡಿಸುತ್ತಾ ಬನ್ನಿ. ಡಬ್ಬಿಯನ್ನು ಸ್ವಲ್ಪ ಎತ್ತಿ ಮುಂದಕ್ಕೆ ವಾಲಿಸಿ ಹಿಡಿದರೆ ವೂಫರ್ ತನ್ನ ತೂಕಕ್ಕೇ ಕಳಚುವುದೂ ಉಂಟು. ಕೈ ಕೆಳಗಿಟ್ಟುಕೊಂಡಿರಿ.

ಒಳಗೆ ತುಂಬಿರುವುದು ಗ್ಲಾಸ್‌ವೂಲ್ ಆಗಿದ್ದರೆ ಮಾಸ್ಕ್, ತುಂಬುತೋಳಿನ ಅಂಗಿ, ಕೈಗವಸು ಬೇಕು. ಅಸಡ್ಡೆ ಮಾಡಿದರೆ ಮೂರು ದಿನ ಕೆರೆದುಕೊಳ್ಳಬೇಕಾಗುತ್ತದೆ. ತೋಟದ ಮನೆಯ ಸ್ಪೀಕರ್ ಆದರೆ ಇನ್ನೂ ಕೆಲವು ಸಂಸಾರಗಳು ಒಳಗಿರಬಹುದು. ನಮಗೆ ಸಿಕ್ಕಿದ್ದು ಪೋರ್ಟಿನ (ಡಬ್ಬಿಯ ಗಾಳಿತೂತಿನ) ಕೊಳವೆಯೊಳಗೆ ಕಣಜ ಕಟ್ಟಿದ ಮಣ್ಣಿನ ಗೂಡು, ಹಲ್ಲಿ ಮೊಟ್ಟೆಯ ಸಿಪ್ಪೆ, ಒಂದು ಒಣಗಿದ ಕಾಫಿ ಬೀಜ. ಆ ಬೀಜ ಅಲ್ಲಿಗೆ ಹೇಗೆ ಹೋಯಿತೋ ದೇವರಿಗೇ ಗೊತ್ತು.

ಈಗ ಫೋನ್ ತೆಗೆದು ಫೋಟೋ ಹೊಡೆಯಿರಿ. ಯಾವ ಬಣ್ಣದ ವೈರು ಯಾವ ಕಾಲಿಗೆ ಅನ್ನುವುದು ಸ್ಪಷ್ಟ ಕಾಣಬೇಕು. ಫೋಟೋ ಸಾಲದು, ಕಾಗದದ ಮೇಲೂ ಬರೆಯಿರಿ. ಬರೆಯುವಾಗಲೇ ಸರ್ಕ್ಯೂಟ್ ತಲೆಗೆ ಹೋಗುವುದು. ಒಂದು ವಿಷಯ ಗಮನದಲ್ಲಿರಲಿ. ಎಷ್ಟೋ ಕ್ರಾಸ್‌ಓವರ್‌ಗಳಲ್ಲಿ ಟ್ವೀಟರ್‌ನ ಪ್ಲಸ್ ಮೈನಸ್ ಬೇಕಂತಲೇ ಉಲ್ಟಾ ಕೊಟ್ಟಿರುತ್ತಾರೆ. ಕಾಯಿಲ್, ಕೆಪಾಸಿಟರ್ ಎರಡೂ ಸೇರಿದಾಗ ಸದ್ದಿನ ಅಲೆ ಮುಂದೆ ಹಿಂದೆ ಆಗುತ್ತದೆ, ಅದನ್ನು ಸರಿದೂಗಿಸಲು ಹೀಗೆ. "ಅಯ್ಯೋ, ಫ್ಯಾಕ್ಟರಿಯವರೇ ತಪ್ಪು ಮಾಡಿದ್ದಾರೆ" ಅಂತ ನೀವು ಸರಿಮಾಡಲು ಹೋಗಬೇಡಿ. ಹೇಗಿತ್ತೋ ಹಾಗೇ ಇರಲಿ.

ಕ್ರಾಸ್‌ಓವರ್ ಬೋರ್ಡು ಹಿಂಬದಿಯ ಟರ್ಮಿನಲ್ ಹತ್ತಿರ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಸಾಧ್ಯವಾದರೆ ಪೂರ್ತಿ ಹೊರಗೆ ತೆಗೆಯಿರಿ. ಡಬ್ಬಿಯೊಳಗೆ ತಲೆ ತೂರಿಸಿ ಸೋಲ್ಡರ್ ಮಾಡುವ ಸಾಹಸ ಬೇಡ.

ಎರಡು ಸ್ಪೀಕರನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ಮುಗಿಸಿ, ಇನ್ನೊಂದನ್ನು ಮುಟ್ಟದೆ ಹಾಗೇ ಇಡಿ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಅಳೆಯುವುದು

ಈ ಭಾಗಕ್ಕೆ ಅವಸರ ಬೇಡ. ಕೆಪಾಸಿಟರ್ ಬೋರ್ಡಿನಲ್ಲಿ ಇರುವಾಗಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ, ಪಕ್ಕದ ಕಾಯಿಲ್, ಟ್ವೀಟರ್ ಎಲ್ಲಾ ಸೇರಿಕೊಳ್ಳುತ್ತವೆ. ಒಂದು ಕಾಲನ್ನಾದರೂ ಬಿಡಿಸಲೇಬೇಕು. ಅಂಟು ಹಾಕಿದ್ದರೆ ಬ್ಲೇಡಿನಿಂದ ನಿಧಾನ ಕೊಯ್ಯಿರಿ.

ಮೈಮೇಲೆ ಏನು ಬರೆದಿದೆ ಅಂತ ಓದಿಕೊಳ್ಳಿ. 4.7 ಎಂಎಫ್‌ಡಿ ಅಂದರೆ 4.7 ಮೈಕ್ರೋಫ್ಯಾರಡ್. ಎನ್‌ಪಿ ಅಥವಾ ಬಿಪಿ ಅಂತಿದ್ದರೆ ನಾನ್‌ಪೋಲಾರ್. ಫಿಲ್ಮ್ ಕೆಪಾಸಿಟರ್ ಮೇಲೆ 475 ಅಂತ ಇದ್ದರೆ ಗಾಬರಿ ಬೇಡ. 47ರ ಮುಂದೆ 5 ಸೊನ್ನೆ ಪಿಕೊಫ್ಯಾರಡ್, ಅಂದರೆ ಅದೇ 4.7 ಮೈಕ್ರೋಫ್ಯಾರಡ್. ಜೊತೆಗಿರುವ ಜೆ ಅಕ್ಷರ ಅಂದರೆ ಶೇ 5ರಷ್ಟು ಆಚೀಚೆ, ಕೆ ಅಂದರೆ ಶೇ 10.

ಟ್ವೀಟರ್ ದಾರಿಯ ಕೆಪಾಸಿಟರ್ ಬರೆದ ಅಂಕಿಗಿಂತ ಶೇ 10ಕ್ಕಿಂತ ಜಾಸ್ತಿ ಆಚೀಚೆ ಆಗಿದ್ದರೆ, ಅಥವಾ ಇಎಸ್‌ಆರ್ 1 ಓಮ್ ದಾಟಿದ್ದರೆ ನಾನು ಬದಲಿಸುತ್ತೇನೆ. ಇದು ನನ್ನ ಲೆಕ್ಕ, ಶಾಸ್ತ್ರವಲ್ಲ. ಬರೆದ ಅಂಕಿಗಿಂತ ಅಳತೆ ಬಹಳ ಜಾಸ್ತಿ ಬಂದರೂ ಖುಷಿಪಡಬೇಡಿ. ಒಳಗೆ ಸೋರಿಕೆ ಶುರುವಾದ ಕೆಪಾಸಿಟರ್ ಮೀಟರಿಗೆ ಹೀಗೆ ಮೋಸ ಮಾಡುತ್ತದೆ.

ಹೊರಗೆ ತೆಗೆದಾಗಲೇ ಟ್ವೀಟರನ್ನೂ ಅಳೆದುಬಿಡಿ. 8 ಓಮ್‌ನದು ಮಲ್ಟಿಮೀಟರಿನಲ್ಲಿ ಸುಮಾರು 5.5ರಿಂದ 7 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಅದರ ಕಾಯಿಲ್ ಸುಟ್ಟಿದೆ, ಹೊಸ ಕೆಪಾಸಿಟರ್ ಅದಕ್ಕೆ ಜೀವ ಕೊಡುವುದಿಲ್ಲ.

ಏನು ಕೊಳ್ಳಬೇಕು, ಎಲ್ಲಿ

ಮೈಕ್ರೋಫ್ಯಾರಡ್ ಅದೇ ಇರಬೇಕು. 4.7 ಇದ್ದಲ್ಲಿ 4.7. "ದೊಡ್ಡದು ಹಾಕಿದರೆ ಒಳ್ಳೆಯದಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲ. ದೊಡ್ಡದು ಹಾಕಿದರೆ ಟ್ವೀಟರ್ ತಡೆಯಲಾರದಷ್ಟು ದಪ್ಪ ಸದ್ದು ಅದಕ್ಕೆ ಹೋಗುತ್ತದೆ. ವೋಲ್ಟ್ ಮಾತ್ರ ಮೊದಲಿನಷ್ಟು ಅಥವಾ ಅದಕ್ಕಿಂತ ಜಾಸ್ತಿ ಇರಬಹುದು. 8 ಓಮ್‌ಗೆ 100 ವಾಟ್ ಕೊಟ್ಟರೂ ತುದಿಯಲ್ಲಿ 40 ವೋಲ್ಟ್ ಆಗುತ್ತದೆ, ಹಾಗಾಗಿ 63 ಅಥವಾ 100 ವೋಲ್ಟಿನದು ಮನೆಗೆ ಸಾಕು.

ನಾನ್‌ಪೋಲಾರ್ ಅನ್ನುವ ಮಾತನ್ನು ಅಂಗಡಿಯಲ್ಲಿ ಎರಡು ಸಲ ಹೇಳಿ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಒಂದು ಅಂಗಡಿಯಲ್ಲಿ "ಎಲ್ಲಾ ಒಂದೇ ಸಾರ್" ಅಂತ ಮಾಮೂಲಿ ಪ್ಲಸ್ ಮೈನಸ್ ಇರುವ ಎಲೆಕ್ಟ್ರೋಲೈಟಿಕ್ ಕೊಟ್ಟರು. ನಾನೂ ತಂದು ಹಾಕಿದೆ. ಸಂಗೀತ ಅಂದರೆ ಎಸಿ, ಪ್ಲಸ್ ಮೈನಸ್ ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತದೆ. ಕೆಲವು ವಾರ ಓಡಿತು, ಆಮೇಲೆ ಅದರ ತಲೆ ಉಬ್ಬಿತು. ನಾನ್‌ಪೋಲಾರ್ ಸಿಗಲೇ ಇಲ್ಲ ಅಂದರೆ ಒಂದು ಉಪಾಯ ಇದೆ. 10 ಮೈಕ್ರೋಫ್ಯಾರಡ್‌ನ ಎರಡು ಮಾಮೂಲಿ ಕೆಪಾಸಿಟರ್‌ಗಳ ಮೈನಸ್ ಕಾಲುಗಳನ್ನು ಒಂದಕ್ಕೊಂದು ಬೆಸೆದರೆ 5 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ ಆಗುತ್ತದೆ. ತಾತ್ಕಾಲಿಕಕ್ಕೆ ಅಡ್ಡಿಯಿಲ್ಲ.

ಟ್ವೀಟರ್ ದಾರಿಗೆ ಪಾಲಿಪ್ರೊಪಿಲೀನ್ ಫಿಲ್ಮ್ ಹಾಕುವುದು ನನಗಿಷ್ಟ. ಮತ್ತೆ ಡಬ್ಬಿ ಬಿಚ್ಚುವ ಕೆಲಸ ಇರುವುದಿಲ್ಲ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಿಂದ ತರಿಸಬಹುದು, ಇಲ್ಲವೇ ಆನ್‌ಲೈನ್. ಆಡಿಯೊ ಅಂತ ಹೆಸರು ಹೊತ್ತ, ಚಿನ್ನದ ಬಣ್ಣದ, ಒಂದಕ್ಕೆ ಸಾವಿರಾರು ರೂಪಾಯಿಯ ಕೆಪಾಸಿಟರ್‌ಗಳೂ ಇವೆ. ಮಾವನ ಸ್ಪೀಕರ್‌ಗೆ ಅದನ್ನು ಹಾಕುವುದು ಎತ್ತಿನ ಗಾಡಿಗೆ ರೇಷ್ಮೆ ಹೊದಿಸಿದ ಹಾಗೆ.

ಅವಸರ ಇದ್ದರೆ ನಿಮ್ಮ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಉತ್ತರ ಇದೆ. ಸೀಲಿಂಗ್ ಫ್ಯಾನಿನ ಕೆಪಾಸಿಟರ್! ಇವತ್ತಿನ ಫ್ಯಾನ್ ಕೆಪಾಸಿಟರ್ ಕೂಡ ಪಾಲಿಪ್ರೊಪಿಲೀನ್ ಫಿಲ್ಮೇ. 440 ವೋಲ್ಟ್ ಎಸಿಯದ್ದು, ನಾನ್‌ಪೋಲಾರ್. 2.25, 2.5, 3.15 ಹೀಗೆ ಸಿಗುತ್ತದೆ. ಎರಡನ್ನು ಅಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಜೋಡಿಸಿದರೆ ಮೈಕ್ರೋಫ್ಯಾರಡ್ ಕೂಡುತ್ತದೆ. 2.25ಕ್ಕೆ 2.5 ಸೇರಿಸಿದರೆ 4.75. ನಮಗೆ ಬೇಕಿದ್ದ 4.7ಕ್ಕೆ ಇದಕ್ಕಿಂತ ಹತ್ತಿರ ಇನ್ನೇನು ಬೇಕು? ಗಾತ್ರ ದೊಡ್ಡದು, ನೋಡಲು ಚೆಂದವಿಲ್ಲ. ಡಬ್ಬಿಯೊಳಗೆ ಇಣುಕಿ ನೋಡುವವರು ಯಾರು? ನಾನು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಟೆಸ್ಟರ್ ಹಿಡಿದು ಒಂದೊಂದನ್ನೇ ಅಳೆಯುತ್ತಾ ಎಂಟು ಕೆಪಾಸಿಟರ್ ತೆಗೆದುಕೊಂಡೆ. ಅಂಗಡಿಯವರು ನೋಡುವಷ್ಟು ನೋಡಿ ಕೇಳಿದರು: "ನಿಮ್ಮನೇಲಿ ಎಷ್ಟು ಫ್ಯಾನ್ ಕೆಟ್ಟಿದೆ ಸಾರ್?"

ಹೊಸದನ್ನೇ ಕೊಳ್ಳಿ. ಓಡುತ್ತಿದ್ದ ಫ್ಯಾನಿನಿಂದ ಕಿತ್ತದ್ದರಲ್ಲಿ ಚಾರ್ಜ್ ಉಳಿದಿದ್ದರೆ ಕೈಗೆ ಹೊಡೆಯುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟಿಂಗ್ ಕೆಪಾಸಿಟರ್ ಮಾತ್ರ ಬೇಡವೇ ಬೇಡ. ಅದೂ ಎಲೆಕ್ಟ್ರೋಲೈಟಿಕ್, ಮೋಟಾರ್ ಎಬ್ಬಿಸುವ ಕೆಲವು ಸೆಕೆಂಡಿಗೆ ಮಾಡಿದ್ದು, ಮೈಕ್ರೋಫ್ಯಾರಡ್ ಕೂಡ ಅಂದಾಜಿನ ಮೇಲೆ.

ಎರಡು ಸ್ಪೀಕರ್‌ಗೂ ಹಾಕುವ ಕೆಪಾಸಿಟರ್‌ಗಳು ಒಂದಕ್ಕೊಂದು ಹೊಂದಬೇಕು. ಎರಡೂ 4.75 ಆದರೆ ಸರಿ, ಎರಡೂ 4.6 ಆದರೂ ಸರಿ. ಒಂದು 4.5, ಇನ್ನೊಂದು 4.9 ಆದರೆ ಹಾಡುವವರು ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ವಾಲಿದ ಹಾಗೆ ಕೇಳಬಹುದು.

ವೂಫರ್‌ಗೆ ಅಡ್ಡವಾಗಿ ಕೂತ 15, 22, 33 ಮೈಕ್ರೋಫ್ಯಾರಡ್‌ನ ದೊಡ್ಡ ಕೆಪಾಸಿಟರ್‌ಗೆ ಫಿಲ್ಮ್ ಹಾಕಲು ಹೋದರೆ ಜಾಗವೂ ಸಾಲದು, ದುಡ್ಡೂ ಜಾಸ್ತಿ. ಅಲ್ಲಿ ಹೊಸ ನಾನ್‌ಪೋಲಾರ್ ಎಲೆಕ್ಟ್ರೋಲೈಟಿಕ್ಕೇ ಸಾಕು.

ಸೋಲ್ಡರಿಂಗ್

ಹಳೇ ಕಾಲುಗಳಲ್ಲಿ ಕಿಲುಬು ಇರುತ್ತದೆ. ಬ್ಲೇಡಿನಿಂದ ಹೊಳೆಯುವವರೆಗೆ ಕೆರೆಯಿರಿ. ಹಳೇ ಸೋಲ್ಡರ್ ಕರಗುತ್ತಿಲ್ಲ ಅಂದರೆ ಅದರ ಮೇಲೆ ಸ್ವಲ್ಪ ಹೊಸ ಲೀಡ್ ಹಾಕಿ, ಆಗ ಎರಡೂ ಸೇರಿ ಕರಗುತ್ತವೆ. ಆಮೇಲೆ ಪಂಪಿನಿಂದ ಎಳೆಯಿರಿ. ಹಳೇ ಪಿಸಿಬಿ (ತಾಮ್ರದ ಪಟ್ಟಿ ಅಂಟಿಸಿದ ಬೋರ್ಡು) ಆದರೆ ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ಕಾಯಿಸಬೇಡಿ, ತಾಮ್ರದ ಪಟ್ಟಿ ಎದ್ದು ಬರುತ್ತದೆ. ಮೂರು ನಾಲ್ಕು ಸೆಕೆಂಡ್, ಬಿಡುವು, ಮತ್ತೆ ಮೂರು ನಾಲ್ಕು ಸೆಕೆಂಡ್.

ಹೊಸ ಕೆಪಾಸಿಟರ್ ಕೂರಿಸುವಾಗ ಮೊದಲು ತಂತಿಯನ್ನು ಕಾಲಿಗೆ ಸುತ್ತಿ ಗಟ್ಟಿ ಮಾಡಿ, ಆಮೇಲೆ ಬೆಸೆಯಿರಿ. ಸ್ಪೀಕರ್ ಡಬ್ಬಿ ಸದಾ ನಡುಗುವ ವಸ್ತು. ಬರೀ ಸೋಲ್ಡರ್ ಮೇಲೆ ನಿಂತ ಜೋಡಣೆ ಒಂದು ದಿನ ಬಿಡುತ್ತದೆ. ಕೆಪಾಸಿಟರನ್ನು ಕೇಬಲ್ ಟೈ ಹಾಕಿ ಬೋರ್ಡಿಗೆ ಕಟ್ಟಿ, ಜೊತೆಗೆ ಹಾಟ್ ಗ್ಲೂ. ಸಿಲಿಕಾನ್ ಅಂಟು ಹಾಕುವವರು ಅದನ್ನು ಮೂಸಿ ನೋಡಿ. ವಿನಿಗರ್ ವಾಸನೆ ಬರುವುದು ತಾಮ್ರ ತಿನ್ನುತ್ತದೆ, ಅದು ಬೇಡ. ಕಾಯಿಲ್‌ಗಳನ್ನು ಇದ್ದ ಜಾಗದಿಂದ ಕದಲಿಸಬೇಡಿ, ತಿರುಗಿಸಲೂ ಬೇಡಿ. ಅವು ಒಂದಕ್ಕೊಂದು ಗೊಂದಲ ಮಾಡದ ಹಾಗೆ ಲೆಕ್ಕ ಹಾಕಿ ಕೂರಿಸಿದ್ದಿರಬಹುದು.

ಆನ್ ಮಾಡುವ ಮೊದಲು ಒಂದು ಪರೀಕ್ಷೆ

ನನ್ನ ಕೈಯಲ್ಲೇ ಒಂದು ಟ್ವೀಟರ್ ಸುಟ್ಟಿದೆ. ಬೇರೆ ಒಂದು ಸ್ಪೀಕರ್ ಮಾಡುವಾಗ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ವೈರ್ ಅದಲುಬದಲು ಮಾಡಿದ್ದೆ. ಆನ್ ಮಾಡಿದ ಕೂಡಲೇ ಟ್ವೀಟರ್ ಒಮ್ಮೆ ಗೊರ್ ಅಂದಿತು, ಸಣ್ಣಗೆ ವಾರ್ನಿಷ್ ಸುಟ್ಟ ವಾಸನೆ ಬಂತು. ಕೆಪಾಸಿಟರ್ ಕಾವಲಿಲ್ಲದೆ ಟ್ವೀಟರ್‌ಗೆ ದಪ್ಪ ಸದ್ದು ಕೊಟ್ಟರೆ ಅದರ ಆಯಸ್ಸು ಅಷ್ಟೇ. ಅಂದಿನಿಂದ ಈ ಪರೀಕ್ಷೆ ಮಾಡದೆ ಆನ್ ಮಾಡುವುದಿಲ್ಲ.

ವೂಫರ್‌ನ ಒಂದು ವೈರ್ ಬಿಡಿಸಿ. ಡಬ್ಬಿಯ ಹಿಂದಿನ ಎರಡು ಟರ್ಮಿನಲ್‌ಗೆ ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಹಿಡಿಯಿರಿ. ಅಂಕಿ ಸ್ವಲ್ಪ ಓಡಾಡಿ ಕೊನೆಗೆ ಓಪನ್, ಅಂದರೆ ದಾರಿಯೇ ಇಲ್ಲ ಅಂತ ತೋರಿಸಬೇಕು, ಯಾಕೆಂದರೆ ಮೀಟರಿನ ಡಿಸಿ ಕೆಪಾಸಿಟರ್ ದಾಟಲಾರದು. ಓಪನ್ ಬದಲು ಐದಾರು ಓಮ್ ಬಂದರೆ ಕೆಪಾಸಿಟರ್ ತಪ್ಪಿಸಿಕೊಂಡು ಟ್ವೀಟರ್‌ಗೆ ನೇರ ದಾರಿ ಆಗಿದೆ ಅಂತ ಅರ್ಥ. ಹೊಸ ಬೆಸುಗೆಯಲ್ಲಿ ಎಲ್ಲೋ ಶಾರ್ಟ್ ಆಗಿದ್ದರೂ ಇಲ್ಲೇ ಸಿಗುತ್ತದೆ. ಓಪನ್ ಬಂದರೆ ವೂಫರ್ ವೈರ್ ವಾಪಸ್ ಕೊಟ್ಟು ಮತ್ತೆ ನೋಡಿ. ಈಗ ವೂಫರ್‌ನ ಆರೇಳು ಓಮ್ ಬರಬೇಕು. ಅದೂ ಬಂದರೆ ಆಂಪ್ಲಿಫಯರ್‌ಗೆ ಕೊಡಿ, ವಾಲ್ಯೂಮ್ ಮಾತ್ರ ಸೊನ್ನೆಯಿಂದ ನಿಧಾನ ಏರಿಸಿ.

ಕೇಳಿ ನೋಡುವುದು

ಇನ್ನೊಂದು ಸ್ಪೀಕರನ್ನು ಮುಟ್ಟಬೇಡಿ ಅಂದದ್ದು ಇದಕ್ಕೆ. ರಿಪೇರಿಯಾದದ್ದು, ಆಗದ್ದು ಎರಡನ್ನೂ ಪಕ್ಕಪಕ್ಕ ಇಡಿ. ಆಂಪ್ಲಿಫಯರನ್ನು ಮೊನೊಗೆ ಹಾಕಿ. ಬ್ಯಾಲೆನ್ಸ್ ತಿರುಗಣೆ ಈ ಕಡೆ ಆ ಕಡೆ ತಿರುಗಿಸುತ್ತಾ ಕೇಳಿ. ಕಿವಿಯ ನೆನಪು ಬಹಳ ಚಿಕ್ಕದು. ಎರಡನ್ನೂ ಒಟ್ಟಿಗೆ ಮಾಡಿಬಿಟ್ಟರೆ ಹಿಂದೆ ಹೇಗಿತ್ತು ಅಂತ ಹೇಳಲು ಸಾಕ್ಷಿಯೇ ಇರುವುದಿಲ್ಲ, ದುಡ್ಡು ಖರ್ಚು ಮಾಡಿದ್ದಕ್ಕೆ ಚೆನ್ನಾಗಿದೆ ಅನ್ನಿಸುತ್ತದೆ.

ಹಾಡಿಗಿಂತ ಒಳ್ಳೆಯ ಪರೀಕ್ಷೆ ಎಫ್‌ಎಂ ರೇಡಿಯೋದ ಖಾಲಿ ಜಾಗ. ಹಾಸನ ಆಕಾಶವಾಣಿ ಕೇಳುತ್ತಿದ್ದರೆ ಅಲ್ಲಿಂದ ಮುಳ್ಳನ್ನು ಸ್ವಲ್ಪ ಸರಿಸಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ. ಬರುವ ಶರಶರ ಸದ್ದಿನಲ್ಲಿ ಎಲ್ಲಾ ಸ್ವರಗಳೂ ಸೇರಿರುತ್ತವೆ. ಮಾವನ ಎಡ ಸ್ಪೀಕರ್‌ನಲ್ಲಿ ಅದು ಹಂಚಿನ ಮೇಲೆ ಬೀಳುವ ಮಳೆಯ ಹಾಗೆ ಕೇಳಿತು. ಬಲದ್ದರಲ್ಲಿ ಅದೇ ಮಳೆ, ಆದರೆ ಕಿಟಕಿ ಮುಚ್ಚಿದೆ.

ಹೊಸ ಕೆಪಾಸಿಟರ್ ಪಳಗಲು ಇನ್ನೂರು ಗಂಟೆ ಬೇಕು ಅಂತ ಹೇಳುವವರು ಸಿಗುತ್ತಾರೆ. ಫಿಲ್ಮ್ ಕೆಪಾಸಿಟರ್ ಮೊದಲ ನಿಮಿಷದಲ್ಲೇ ಕೆಲಸ ಮಾಡುತ್ತದೆ. ಪಳಗುವುದು ನಮ್ಮ ಕಿವಿ.

ಮಾವ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಅರ್ಧ ಪ್ರಸಂಗ ಕೇಳಿ, "ಈಗ ತಾಳ ಸ್ವಲ್ಪ ಜಾಸ್ತಿ ಆಯ್ತಲ್ಲ ಮಾರಾಯ, ಭಾಗವತರು ನನ್ನ ಕಿವಿಯಲ್ಲೇ ಬಡಿಯುತ್ತಾ ಇದ್ದಾರೆ" ಅಂದರು. ಅಭ್ಯಾಸವಾಗುತ್ತದೆ ಮಾವ ಅಂತ ಹೇಳಿ ಬರಬಹುದಿತ್ತು. ಆದರೆ ಅವರು ಹೇಳಿದ್ದರಲ್ಲಿ ಹುರುಳಿದೆ. ಎಲೆಕ್ಟ್ರೋಲೈಟಿಕ್ ಹೊಸದಿದ್ದಾಗಲೂ ಅದರಲ್ಲಿ ಅರ್ಧ ಓಮ್‌ನಷ್ಟು ಇಎಸ್‌ಆರ್ ಇರುತ್ತದೆ. ಸ್ಪೀಕರ್ ಮಾಡಿದವರು ಅದನ್ನೂ ಸೇರಿಸಿಕೊಂಡೇ ಸದ್ದು ಹೊಂದಿಸಿರುತ್ತಾರೆ. ಫಿಲ್ಮ್‌ನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಟ್ವೀಟರ್ ಅರ್ಧ ಡೆಸಿಬಲ್‌ನಷ್ಟು ಮುಂದೆ ಬರುತ್ತದೆ. ಕೆಪಾಸಿಟರ್ ಜೊತೆ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಬರುವ ಹಾಗೆ, 0.47 ಓಮ್, 5 ವಾಟಿನ ಬಿಳೀ ಸಿಮೆಂಟ್ ರೆಸಿಸ್ಟರ್ ಒಂದನ್ನು ಹಾಕಿದೆ. ಮಾವ ಏನೂ ಹೇಳದೆ ಕ್ಯಾಸೆಟ್ಟಿನ ಎರಡನೇ ಬದಿ ಹಾಕಿದರು.

ಒಂದು ಸರಿ ಬಂದ ಮೇಲೆ ಇನ್ನೊಂದನ್ನು ಇದೇ ರೀತಿ ಮಾಡಿ. ಅದರ ಕೆಪಾಸಿಟರ್ ಅಳತೆಯಲ್ಲಿ ಚೆನ್ನಾಗಿದ್ದರೂ ಬದಲಿಸಿ. ಮುಟ್ಟಬೇಡಿ ಅಂತ ಮೊದಲು ಹೇಳಿದ್ದಕ್ಕೆ ಇದೊಂದೇ ಅಪವಾದ, ಜೋಡಿ ಅಂದಮೇಲೆ ಎರಡರಲ್ಲೂ ಒಂದೇ ಜಾತಿಯದು ಇರಬೇಕು.

ಮುಚ್ಚುವಾಗ

ಮಳೆಗಾಲಕ್ಕೆ ಚಿಪ್‌ಬೋರ್ಡ್ ಉಬ್ಬಿ ಸ್ಕ್ರೂ ತೂತು ಸಡಿಲವಾಗಿರುತ್ತದೆ. ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುರುಕಿ, ಒಂದು ರಾತ್ರಿ ಬಿಟ್ಟು ಮಟ್ಟಕ್ಕೆ ಕತ್ತರಿಸಿ. ಸ್ಕ್ರೂ ಹೊಸ ಮರಕ್ಕೆ ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ಬಿಗಿಯುವಾಗ ಎದುರುಬದುರು ಸ್ಕ್ರೂ, ಜೋರು ಬೇಡ. ಗ್ಯಾಸ್ಕೆಟ್ ಹರಿದಿದ್ದರೆ ಬಾಗಿಲ ಸಂದಿಗೆ ಅಂಟಿಸುವ ತೆಳು ಫೋಮ್ ಟೇಪ್ ನಡೆಯುತ್ತದೆ. ಪೋರ್ಟಿನ ಬಾಯಿಗೆ ಒಳಗಿನಿಂದ ತೆಳುವಾದ ಸೊಳ್ಳೆಪರದೆ ಬಟ್ಟೆ ಕಟ್ಟಿದರೆ ಕಣಜ ಬರುವುದಿಲ್ಲ.

ಕಿತ್ತ ಹಳೇ ಕೆಪಾಸಿಟರ್‌ಗಳನ್ನು ಎಸೆಯಬೇಡಿ. ಒಂದು ಲಕೋಟೆಗೆ ಹಾಕಿ, ಮೇಲೆ ಅವುಗಳ ಅಳತೆ, ಹೊಸದಾಗಿ ಹಾಕಿದ್ದು ಏನು, ತಾರೀಖು ಬರೆದು ಡಬ್ಬಿಯ ಒಳಗೋಡೆಗೆ ಅಂಟಿಸಿ. ನಾನು ಮಾವನ ಲಕೋಟೆಯಲ್ಲಿ ಆ ಕಾಫಿ ಬೀಜವನ್ನೂ ಹಾಕಿದ್ದೇನೆ.